ಟಿವಿ ಪಿಚ್‌ಗೆ ಮನೆಯಲ್ಲಿ ಕೂತೇ ಬೆಲೆ ಕಟ್ಟುವುದು ಹೇಗೆ

‘ಶಾರ್ಕ್ ಟ್ಯಾಂಕ್’ನಂಥ ಟಿವಿ ಕಾರ್ಯಕ್ರಮದಲ್ಲಿ, ಹೊಸ ವಸ್ತುವೊಂದನ್ನು ಕೈಯಲ್ಲಿ ಹಿಡಿದು ಒಬ್ಬರು ಹೂಡಿಕೆದಾರರ ಕುರ್ಚಿಗಳ ಮುಂದೆ ಬಂದು ನಿಲ್ಲುತ್ತಾರೆ. ತಮ್ಮ ಕಂಪನಿಯ ಒಂದು ಪಾಲು ಕೊಟ್ಟು ಬಂಡವಾಳ ಕೇಳುತ್ತಾರೆ; ಈ ಬೇಡಿಕೆಯ ಮಾತಿಗೇ ಪಿಚ್ ಎಂದು ಹೆಸರು. ಎರಡೇ ನಿಮಿಷದಲ್ಲಿ ಟಿವಿ ಮುಂದೆ ಕೂತವರ ತೀರ್ಪು ಹೊರಬಿದ್ದಿರುತ್ತದೆ: ‘ಚೆನ್ನಾಗಿದೆ, ತಗೋಬಹುದು’ ಅಥವಾ ‘ಇದನ್ನ ಯಾರು ಕೊಳ್ತಾರೆ?’ ಕುರ್ಚಿಯಲ್ಲಿ ಕೂತವರು ತಮಗೆ ತಾವೇ ಕೇಳಿಕೊಳ್ಳುತ್ತಿರುವ ಪ್ರಶ್ನೆ ಬೇರೆ: ಈ ಬೆಲೆಗೆ ಈ ಕಂಪನಿಯ ಪಾಲು ನನಗೆ ಬೇಕೆ? ವಸ್ತು ಬಲು ಚೆನ್ನಾಗಿದ್ದು ಪಾಲು ವಿಪರೀತ ದುಬಾರಿಯಾಗಿರಬಹುದು. ವಸ್ತು ಸಪ್ಪೆಯಾಗಿದ್ದೂ ಪಾಲು ಅಗ್ಗಕ್ಕೆ ಸಿಗುತ್ತಿರಬಹುದು. ಈ ಎರಡು ತೀರ್ಪುಗಳನ್ನು ಒಂದೇ ಪಾತ್ರೆಗೆ ಸುರಿದಾಗಲೇ ನೋಡುಗರ ಅಭಿಪ್ರಾಯ ಹಳಿ ತಪ್ಪುವುದು. ಎರಡನ್ನೂ ಬೇರೆ ಬೇರೆ ಬರೆದಿಡುವ ವಿಧಾನ ಇಲ್ಲಿದೆ.

ಬೇಕಾದದ್ದು ಒಂದು ನೋಟ್‌ಬುಕ್, ಪೆನ್ನು, ಮೊಬೈಲ್‌ನ ಕ್ಯಾಲ್ಕುಲೇಟರ್, ಜೊತೆಗೆ ಬೇಕಾದಲ್ಲಿ ನಿಲ್ಲಿಸಿ ನೋಡುವ ಸೌಲಭ್ಯ. ನೇರ ಪ್ರಸಾರದಲ್ಲಿ ನೋಡಿದರೆ ಲೆಕ್ಕ ಹಿಂದೆ ಬೀಳುತ್ತದೆ. ರೆಕಾರ್ಡ್ ಆದದ್ದು ಅಥವಾ ಆ್ಯಪ್‌ನಲ್ಲಿ ಸಿಗುವ ಕಂತು ಒಳ್ಳೆಯದು. ನಾಲ್ಕಾರು ಜನ ಒಟ್ಟಿಗೆ ನೋಡುವುದಾದರೆ ಒಂದೇ ಒಂದು ಕಟ್ಟುನಿಟ್ಟು: ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಮೊದಲು ಮಾತಾಡಿದವರ ಕಡೆಗೆ ಉಳಿದವರು ವಾಲಿಬಿಡುತ್ತಾರೆ. ಕುರ್ಚಿಯಲ್ಲಿ ಕೂತವರೂ ಇದಕ್ಕೆ ಹೊರತಲ್ಲ.

ಮೊದಲ ನಿಲುಗಡೆ: ಕೇಳಿದ ಹಣ

ಬಂದವರು ‘ಇಷ್ಟು ಹಣ ಕೊಡಿ, ಇಷ್ಟು ಪಾಲು ಕೊಡುತ್ತೇನೆ’ ಎಂದ ತಕ್ಷಣ ನಿಲ್ಲಿಸಿ. ಹಣವನ್ನು ಪಾಲಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಇಡೀ ಕಂಪನಿಗೆ ಅವರು ಕಟ್ಟಿರುವ ಬೆಲೆ ಸಿಗುತ್ತದೆ. 80,000ಕ್ಕೆ 15 ಶೇಕಡಾ ಅಂದರೆ ಕಂಪನಿಯ ಬೆಲೆ 5,33,333. ಈ ಅಂಕಿಯಲ್ಲಿ ಹೂಡಿಕೆದಾರರು ಈಗ ಹಾಕಲಿರುವ ಹಣವೂ ಸೇರಿದೆ ಎಂಬುದನ್ನು ಮರೆಯಬೇಡಿ. ಹಾಕುವ ಮೊದಲಿನ ಬೆಲೆ ಬೇಕೆಂದರೆ 80,000 ಕಳೆಯಿರಿ: 4,53,333. ಅಂದರೆ ‘ಇವತ್ತು ನನ್ನ ಕೈಯಲ್ಲಿರುವ ಕಂಪನಿ ಇಷ್ಟು ಬಾಳುತ್ತದೆ’ ಎಂದು ಅವರು ಬಾಯಿಬಿಡದೆ ಹೇಳಿದಂತಾಯಿತು.

ಮಾತುಕತೆಯ ಉದ್ದಕ್ಕೂ ಬರುವ ಪ್ರತಿ ಕೊಡುಗೆಯನ್ನೂ ಇದೇ ಲೆಕ್ಕಕ್ಕೆ ಇಳಿಸಬೇಕು. ಇಳಿಸದಿದ್ದರೆ ಕಣ್ಣಿಗೆ ಮಣ್ಣು ಬೀಳುತ್ತದೆ. ಅಮೆರಿಕದ ‘ಶಾರ್ಕ್ ಟ್ಯಾಂಕ್’ಗೆ 2012ರಲ್ಲಿ ಬಂದ ‘ಸ್ಕ್ರಬ್ ಡ್ಯಾಡಿ’ ಎಂಬ ನಗುಮುಖದ ಪಾತ್ರೆ ಉಜ್ಜುವ ಸ್ಪಂಜನ್ನೇ ತೆಗೆದುಕೊಳ್ಳಿ. ಅದನ್ನು ತಂದ ಆರನ್ ಕ್ರೌಸ್ ಕೇಳಿದ್ದು 10 ಶೇಕಡಾ ಪಾಲಿಗೆ 1,00,000 ಡಾಲರ್. ಹೂಡಿಕೆದಾರರಲ್ಲಿ ಒಬ್ಬರಾದ ಲೋರಿ ಗ್ರೈನರ್ ಕೊಟ್ಟದ್ದು 20 ಶೇಕಡಾಕ್ಕೆ 2,00,000. ‘ಅಯ್ಯೋ, ಪಾಲು ಎರಡರಷ್ಟು ಬಿಟ್ಟುಕೊಟ್ಟರಲ್ಲ’ ಎಂದು ಮರುಗಿದವರು ಭಾಗಾಕಾರ ಮಾಡಿರಲಿಲ್ಲ. ಎರಡೂ ಲೆಕ್ಕದಲ್ಲಿ ಕಂಪನಿಯ ಬೆಲೆ ಅದೇ 10 ಲಕ್ಷ ಡಾಲರ್. ಬದಲಾದದ್ದು ಬೆಲೆಯಲ್ಲ, ಕೊಳ್ಳುವ ಪ್ರಮಾಣ. 2007ರಲ್ಲಿ ಬ್ರಿಟನ್ನಿನ ಇಂಥದೇ ಕಾರ್ಯಕ್ರಮ ‘ಡ್ರ್ಯಾಗನ್ಸ್ ಡೆನ್’ನಲ್ಲಿ ಲೆವಿ ರೂಟ್ಸ್ ತಮ್ಮ ‘ರೆಗೆ ರೆಗೆ ಸಾಸ್’ಗೆ 50,000 ಪೌಂಡ್ ಪಡೆದು 40 ಶೇಕಡಾ ಬಿಟ್ಟುಕೊಟ್ಟರು. ಅಲ್ಲಿ ಕಂಪನಿಗೆ ಬಿದ್ದ ಬೆಲೆ 1,25,000 ಪೌಂಡ್.

ಈ ಎರಡು ಕಾರ್ಯಕ್ರಮಗಳ ಒಂದು ನಿಯಮ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೇಳಿದ ಮೊತ್ತವಾದರೂ ಪೂರ್ತಿ ಸಿಗಬೇಕು. ಅದಕ್ಕಿಂತ ಕಡಿಮೆ ಒಪ್ಪಿಕೊಂಡು ಹೋಗುವಂತಿಲ್ಲ. ಹಾಗಾಗಿ ಚೌಕಾಸಿ ಬಹುಪಾಲು ಪಾಲಿನ ಮೇಲೆಯೇ ನಡೆಯುತ್ತದೆ. ‘ಅರ್ಧ ಹಣ ತಗೊಂಡು ಅರ್ಧ ಪಾಲು ಕೊಡಬಾರದಿತ್ತೇ’ ಎಂದು ಮನೆಯಲ್ಲಿ ಕೂತು ಹೇಳುವ ಬುದ್ಧಿಮಾತಿಗೆ ಅಲ್ಲಿ ಜಾಗವಿಲ್ಲ.

ಎರಡನೇ ನಿಲುಗಡೆ: ಪ್ರದರ್ಶನ ಮುಗಿದಾಗ

ಇಲ್ಲಿ ನೀವು ಹೂಡಿಕೆದಾರರಲ್ಲ, ಗಿರಾಕಿ. ಕುರ್ಚಿಯಲ್ಲಿ ಕೂತವರಿಗಿಂತ ನಿಮ್ಮ ಮಾತಿಗೆ ತೂಕ ಹೆಚ್ಚಿರುವುದು ಈ ಒಂದು ಜಾಗದಲ್ಲೇ; ಪಾತ್ರೆ ತೊಳೆಯುವವರು, ಮಗು ಎತ್ತಿಕೊಂಡು ರೈಲು ಹತ್ತುವವರು ನೀವು. ಬೆಲೆ ಹೇಳುವ ಮೊದಲೇ ನಿಲ್ಲಿಸಿ ಮೂರು ಸಾಲು ಬರೆಯಿರಿ: ಇದನ್ನು ಎಷ್ಟಕ್ಕೆ ಕೊಳ್ಳುತ್ತೀರಿ, ಈಗ ಆ ಕೆಲಸಕ್ಕೆ ಏನು ಬಳಸುತ್ತಿದ್ದೀರಿ, ಮತ್ತೆ ಯಾವಾಗ ಕೊಳ್ಳಬೇಕಾಗುತ್ತದೆ. ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸವೆಯುವ ಸ್ಪಂಜಿಗೆ ಗಿರಾಕಿ ತಿರುಗಿ ಬರುತ್ತಾನೆ. ಹತ್ತು ವರ್ಷ ಬಾಳುವ ಡಬ್ಬಿ ತೆಗೆಯುವ ಸಾಧನಕ್ಕೆ ಬರುವುದಿಲ್ಲ. ಒಬ್ಬ ಗಿರಾಕಿಯನ್ನು ಜಾಹೀರಾತು ಕೊಟ್ಟು ಕರೆತರುವ ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಪ್ರದರ್ಶನ ನೋಡುವಾಗ ಕಣ್ಣು ವಸ್ತುವಿನ ಮೇಲಲ್ಲ, ಕ್ಯಾಮೆರಾದ ಮೇಲಿರಲಿ. ಕೆಲಸ ಶುರುವಾದದ್ದು ಮತ್ತು ಮುಗಿದದ್ದು ಒಂದೇ ಶಾಟ್‌ನಲ್ಲಿದೆಯೆ, ನಡುವೆ ಕಟ್ ಇದೆಯೆ? ಕೊಳೆ ಮೊದಲೇ ನೆನೆಸಿಟ್ಟದ್ದೆ, ಒಣಗಿ ಹಿಡಿದದ್ದೆ? ಒಂದೇ ಕೈಯಲ್ಲಿ ಮಾಡಿದರೋ, ಪಕ್ಕದಲ್ಲಿ ನಿಂತವರು ಹಿಡಿದುಕೊಂಡರೋ? ಹೂಡಿಕೆದಾರರ ಕೈಗೆ ಕೊಟ್ಟಾಗ ಅವರಿಗೂ ಆಯಿತೆ? ಸ್ಕ್ರಬ್ ಡ್ಯಾಡಿ ತಣ್ಣೀರಿನಲ್ಲಿ ಗಟ್ಟಿಯಾಗಿ, ಬಿಸಿನೀರಿನಲ್ಲಿ ಮೆತ್ತಗಾಗುವ ವಸ್ತು. ಅದರ ಗುಣ ತೋರಿಸಲು ಎರಡು ಪಾತ್ರೆ ನೀರು ಸಾಕು, ವಿವರಣೆ ಬೇಡ. ಮಾತು ಜಾಸ್ತಿ ಬೇಕಾಗುವ ವಸ್ತು ಅಂಗಡಿಯ ಕಪಾಟಿನಲ್ಲೂ ಮಾತಿಗೆ ಕಾಯುತ್ತದೆ, ಅಲ್ಲಿ ಮಾತಾಡುವವರು ಇರುವುದಿಲ್ಲ.

ಮುರಿದು ಬಿದ್ದರೆ? 2006ರಲ್ಲಿ ‘ಡ್ರ್ಯಾಗನ್ಸ್ ಡೆನ್’ಗೆ ರಾಬ್ ಲಾ ‘ಟ್ರಂಕಿ’ ಎಂಬ, ಮಕ್ಕಳು ಮೇಲೆ ಕೂತು ಸವಾರಿ ಮಾಡಬಹುದಾದ ಸೂಟ್‌ಕೇಸ್ ತಂದಾಗ ಹೂಡಿಕೆದಾರ ಥಿಯೋ ಪಾಫಿಟಿಸ್ ಎಳೆದ ರಭಸಕ್ಕೆ ಪಟ್ಟಿ ಕಿತ್ತುಬಂತು. ಬರಿಗೈಯಲ್ಲಿ ಹೊರಟ ಅದೇ ಸೂಟ್‌ಕೇಸ್ ಆಮೇಲೆ ಲಕ್ಷಗಟ್ಟಲೆ ಮಾರಾಟವಾಯಿತು. ಹಾಗಾಗಿ ಏನಾದರೂ ಮುರಿದಾಗ ‘ಫೇಲ್’ ಎಂದು ಬರೆದು ಪುಟ ತಿರುಗಿಸಬೇಡಿ. ಯಾವ ಜಾತಿಯ ಸೋಲು ಎಂದು ಗುರುತಿಸಿ. ಕೊಂಡಿ, ಹೊಲಿಗೆ, ಅಂಟು ಬಿಟ್ಟುಕೊಂಡರೆ ಅದು ಬಿಡಿಭಾಗದ ಸೋಲು. ಬೇರೆ ಭಾಗ ಹಾಕಿದರೆ ಸರಿಹೋಗುತ್ತದೆ. ಪ್ಲಾಸ್ಟಿಕ್ಕೇ ಬಾಗಿದರೆ ಅಚ್ಚು ಬದಲಿಸಬೇಕಾಗಬಹುದು, ಅಚ್ಚು ದುಬಾರಿ, ತಿಂಗಳುಗಳು ಹಿಡಿಯುತ್ತವೆ. ವಸ್ತು ಸರಿಯಾಗಿ ಕೆಲಸ ಮಾಡಿಯೂ ‘ಇದರಿಂದ ಏನಾಯಿತು?’ ಅನ್ನಿಸಿದರೆ ಮಾತ್ರ ಕಲ್ಪನೆಯೇ ಸೋತಂತೆ. ಅದಕ್ಕೆ ಹಣ ಹಾಕಿದರೆ ರಿಪೇರಿಯಾಗುವುದಿಲ್ಲ.

ಆರೋಗ್ಯ, ಸುರಕ್ಷತೆ, ಅಳತೆಯ ಯಂತ್ರಗಳಿಗೆ ಇನ್ನೂ ಬಿಗಿ ಬೇಕು. ಉಸಿರಿನಿಂದ ಮದ್ಯದ ಪ್ರಮಾಣ ಅಳೆಯುವ ‘ಬ್ರೆತೊಮೀಟರ್’ 2013ರಲ್ಲಿ ಐದೂ ಜನ ಶಾರ್ಕ್‌ಗಳಿಂದ (ಶಾರ್ಕ್ ಟ್ಯಾಂಕ್‌ನ ಹೂಡಿಕೆದಾರರಿಗೆ ಇರುವ ಹೆಸರು) ಒಟ್ಟು 10 ಲಕ್ಷ ಡಾಲರ್‌ನ ಒಪ್ಪಂದ ಗೆದ್ದಿತು. 2017ರಲ್ಲಿ ಅದೇ ಕಂಪನಿ, ಅಳತೆಯ ನಿಖರತೆಯ ಬಗ್ಗೆ ಗ್ರಾಹಕರ ದಾರಿ ತಪ್ಪಿಸಿತೆಂಬ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಳ್ಳಬೇಕಾಯಿತು. ಐದು ಕೋಟ್ಯಧಿಪತಿಗಳು ಒಟ್ಟಿಗೆ ಕೈ ಎತ್ತಿದರೂ ಯಂತ್ರದ ಅಳತೆ ಸರಿಯಾಗುವುದಿಲ್ಲ. ಪರದೆಯ ಮೇಲೆ ಒಂದು ಅಂಕಿ ಮೂಡಿದ್ದು ಯಂತ್ರ ಓಡುತ್ತಿದೆ ಎಂಬುದಕ್ಕಷ್ಟೇ ಸಾಕ್ಷಿ. ಆ ಅಂಕಿ ಸರಿ ಎಂಬುದಕ್ಕೆ ಇನ್ನೊಂದು ಪ್ರಮಾಣಿತ ಯಂತ್ರದ ಜೊತೆ ಹೋಲಿಕೆ ಬೇಕು. ಕಾರ್ಯಕ್ರಮದಲ್ಲಿ ಅದು ಕಾಣದಿದ್ದರೆ ‘ಪರೀಕ್ಷೆ ಕಂಡಿಲ್ಲ’ ಎಂದು ಬರೆದಿಡಿ, ಅಷ್ಟೇ.

ಮೂರನೇ ನಿಲುಗಡೆ: ಅಸಲು ಮತ್ತು ಮಾರಾಟ

ಇದೇ ಹೆಚ್ಚು ಹೊತ್ತು ಕೂರಬೇಕಾದ ಜಾಗ. ವಸ್ತುವಿನ ಚಿಲ್ಲರೆ ಬೆಲೆ 100 ಎಂದುಕೊಳ್ಳಿ. ಅಂಗಡಿಯವರು ಸುಮಾರು ಅರ್ಧ ಇಟ್ಟುಕೊಳ್ಳುವುದು ಎಷ್ಟೋ ವ್ಯಾಪಾರಗಳಲ್ಲಿ ರೂಢಿ. ನಡುವೆ ವಿತರಕರಿದ್ದರೆ ಇನ್ನೂ ಒಂದಿಷ್ಟು ಹೋಗುತ್ತದೆ. ಮಾಡಿದವರ ಕೈಗೆ 45 ಬಂತು ಅನ್ನೋಣ. ತಯಾರಿಕೆಗೆ 20, ಸಾಗಣೆ, ಪ್ಯಾಕಿಂಗ್, ವಾಪಸು ಬಂದ ಮಾಲಿಗೆ 7. ಉಳಿದದ್ದು 18. ಸಂಬಳ, ಬಾಡಿಗೆ, ಜಾಹೀರಾತಿಗೆ 10 ತೆಗೆದರೆ 8. ಈಗ ತಯಾರಿಕೆಯ 20ನ್ನು 30 ಮಾಡಿ ನೋಡಿ, ಲಾಭ ಹೋಗಿ 2 ನಷ್ಟ. ಚಿಲ್ಲರೆ ಬೆಲೆ ಅಸಲಿನ ನಾಲ್ಕರಿಂದ ಐದು ಪಟ್ಟು ಇರಬೇಕೆಂದು ವ್ಯಾಪಾರಸ್ಥರು ಹೇಳುವುದು ಇದಕ್ಕೇ. ‘ಇಪ್ಪತ್ತರ ವಸ್ತುವಿಗೆ ನೂರು ಕೀಳುತ್ತಾರೆ’ ಎಂಬ ನೋಡುಗರ ಸಿಟ್ಟಿಗೂ, ‘ನಿಮ್ಮ ಮಾರ್ಜಿನ್ ಸಾಲದು’ ಎಂಬ ಹೂಡಿಕೆದಾರರ ಗೊಣಗಾಟಕ್ಕೂ ಕಾರಣ ಇದೇ ಒಂದು ಲೆಕ್ಕ.

ಆನ್‌ಲೈನ್‌ನಲ್ಲಿ ನೇರ ಮಾರುವವರಿಗೆ ಅಂಗಡಿಯ ಪಾಲು ಉಳಿಯುತ್ತದೆ, ನಿಜ. ಆದರೆ ಆ ಉಳಿತಾಯ ಜಾಹೀರಾತಿಗೆ ಹೋಗುತ್ತದೆ. ಒಬ್ಬ ಗಿರಾಕಿ ಬರಲು ಎಷ್ಟು ಖರ್ಚು ಎಂಬ ಪ್ರಶ್ನೆ ಬಂದಾಗ ಕಿವಿ ನಿಮಿರಲಿ. ಉತ್ತರ ತಡವರಿಸಿದರೆ ಆ ಪಿಚ್‌ನ ಮುಖ್ಯ ಅಂಕಿಯೇ ಕಾಣೆಯಾದಂತೆ.

ಮಾರಾಟದ ಅಂಕಿ ಹೇಳುವಾಗ ಪದಗಳು ಜಾರುತ್ತವೆ. ‘ಇಲ್ಲಿಯವರೆಗೆ 6 ಲಕ್ಷದ ಮಾರಾಟ’ ಎಂದರೆ ಎಷ್ಟು ವರ್ಷದಲ್ಲಿ? ಮೂರು ವರ್ಷದ್ದಾದರೆ ವರ್ಷಕ್ಕೆ 2 ಲಕ್ಷ. ಅದರಲ್ಲೂ ಮೊದಲ ವರ್ಷವೇ 4 ಲಕ್ಷವಾಗಿದ್ದರೆ ವ್ಯಾಪಾರ ಇಳಿಮುಖ. ‘ಈ ವರ್ಷ 20 ಲಕ್ಷ ಮಾಡುತ್ತೇವೆ’ ಎಂಬುದು ಆಸೆ. ‘ದೊಡ್ಡ ಅಂಗಡಿಯೊಂದು ಆಸಕ್ತಿ ತೋರಿದೆ’ ಎಂಬುದು ಮಾತು. ಖರೀದಿ ಆದೇಶ ಕೈಯಲ್ಲಿದ್ದರೆ ಅದು ಕಾಗದ. ಬ್ಯಾಂಕಿಗೆ ಜಮೆಯಾದದ್ದು ಮಾತ್ರ ಹಣ. ಲೆವಿ ರೂಟ್ಸ್ 25 ಲಕ್ಷ ಲೀಟರ್ ಸಾಸಿನ ಆರ್ಡರ್ ಎಂದು ಹೇಳಿದ್ದು ವಾಸ್ತವದಲ್ಲಿ 2,500 ಕಿಲೋ. ಸಾವಿರ ಪಟ್ಟಿನ ಹತ್ತಿರದ ತಪ್ಪು! ಆದರೂ ಅವರಿಗೆ ಹಣ ಸಿಕ್ಕಿತು. ಅಂಕಿ ತಪ್ಪಿದವರೆಲ್ಲ ಮೋಸಗಾರರೆಂದು ಷರಾ ಬರೆಯುವ ಮುನ್ನ ಇದೂ ನೆನಪಿರಲಿ. ದೀಪಗಳ ಕೆಳಗೆ, ಕ್ಯಾಮೆರಾಗಳ ನಡುವೆ ನಿಂತಾಗ ಅಳತೆಯ ಮಾನಗಳು ಕಲಸಿಹೋಗುತ್ತವೆ.

ಇಷ್ಟಾದ ಮೇಲೆ ಒಂದು ಭಾಗಾಕಾರ ಬಾಕಿ. ಮೊದಲ ನಿಲುಗಡೆಯಲ್ಲಿ ಬಂದ ಕಂಪನಿಯ ಬೆಲೆಯನ್ನು ಕಳೆದ ಹನ್ನೆರಡು ತಿಂಗಳ ಲಾಭದಿಂದ ಭಾಗಿಸಿ. ಬೆಲೆ 10 ಲಕ್ಷ, ಲಾಭ 50,000 ಆದರೆ ಉತ್ತರ 20. ಲಾಭ ಹೀಗೇ ಇದ್ದು, ಅಷ್ಟನ್ನೂ ಹಂಚಿದರೂ ಹಾಕಿದ ಹಣ ತಿರುಗಿ ಬರಲು 20 ವರ್ಷ. ಲಾಭ ಹೇಳುವಾಗ ಸ್ಥಾಪಕರು ತಮ್ಮ ಸಂಬಳ ತೆಗೆದುಕೊಂಡಿದ್ದಾರೆಯೇ ಎಂದು ಯಾರಾದರೂ ಕೇಳಿದರೆ ಗುರುತು ಹಾಕಿಕೊಳ್ಳಿ. ಬಿಟ್ಟಿ ದುಡಿಮೆಯ ಮೇಲೆ ನಿಂತ ಲಾಭ ನಾಳೆ ಒಬ್ಬ ನೌಕರನನ್ನು ಇಟ್ಟುಕೊಂಡರೆ ಕರಗಿಹೋಗುತ್ತದೆ. ಲಾಭವೇ ಇಲ್ಲದ ಹೊಸ ಕಂಪನಿಗೆ ಈ ಭಾಗಾಕಾರ ನಡೆಯುವುದಿಲ್ಲ. ಅಲ್ಲಿ ಮಾರಾಟ ಎಷ್ಟು ವೇಗದಲ್ಲಿ ಏರುತ್ತಿದೆ ಎಂಬುದನ್ನೇ ನೋಡಬೇಕು, ಅದು ಊಹೆಯ ಆಟ ಎಂದೂ ಒಪ್ಪಿಕೊಳ್ಳಬೇಕು.

ಪೇಟೆಂಟ್ ಎಂಬ ಮಾತು ಬಂದಾಗ

‘ಪೇಟೆಂಟ್ ಪೆಂಡಿಂಗ್’ ಎಂದರೆ ಅರ್ಜಿ ಹಾಕಿದ್ದಾರೆ ಎಂದಷ್ಟೇ. ಅದನ್ನು ಹಿಡಿದು ನಕಲು ಮಾಡುವ ಯಾರನ್ನೂ ತಡೆಯಲಾಗದು. ಅಮೆರಿಕದ ತಾತ್ಕಾಲಿಕ ಅರ್ಜಿಗೆ 12 ತಿಂಗಳ ಆಯುಸ್ಸು, ಅದರೊಳಗೆ ಪೂರ್ಣ ಅರ್ಜಿ ಹೋಗದಿದ್ದರೆ ಅದು ಬಿದ್ದುಹೋಗುತ್ತದೆ. ಮಂಜೂರಾದ ಪೇಟೆಂಟ್ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ವಿನ್ಯಾಸದ ನೋಂದಣಿ ಇನ್ನೊಂದೇ ಬಗೆ. ಅದು ಕಾಯುವುದು ರೂಪವನ್ನು, ಉಪಾಯವನ್ನಲ್ಲ. ಟ್ರಂಕಿಯವರು ಇದನ್ನು ಕಷ್ಟಪಟ್ಟು ಕಲಿತರು. ಅವರದೇ ಹೋಲಿಕೆಯ ‘ಕಿಡೀ ಕೇಸ್’ ಎಂಬ ಸೂಟ್‌ಕೇಸಿನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಮಕ್ಕಳು ಸವಾರಿ ಮಾಡುವ ಸೂಟ್‌ಕೇಸ್ ಎಂಬ ಉಪಾಯ ಚತುರವೇ ಇರಬಹುದು, ವಿನ್ಯಾಸದ ಹಕ್ಕು ಇರುವುದು ಉಪಾಯಗಳಿಗಲ್ಲ ಎಂಬುದು ಆ ತೀರ್ಪಿನ ತಿರುಳು. ಆದ್ದರಿಂದ ‘ಪೇಟೆಂಟ್ ಇದೆ’ ಎಂದಾಗ ಮೂರು ಖಾನೆ ಮಾಡಿ: ಅರ್ಜಿಯೋ, ಮಂಜೂರೋ, ವಿನ್ಯಾಸವೋ. ಗೂಗಲ್ ಪೇಟೆಂಟ್ಸ್ ಅಥವಾ ಎಸ್ಪಾಸ್‌ನೆಟ್ ಎಂಬ ಪೇಟೆಂಟ್ ಹುಡುಕುವ ಜಾಲತಾಣಗಳಲ್ಲಿ ಆವಿಷ್ಕಾರಕರ ಹೆಸರು ಹಾಕಿ ಹುಡುಕಿದರೆ ಉಚಿತವಾಗಿ ಸಿಗುತ್ತದೆ. ಅರ್ಜಿ ಹಾಕಿ 18 ತಿಂಗಳವರೆಗೆ ಸಾಮಾನ್ಯವಾಗಿ ಪ್ರಕಟವಾಗುವುದಿಲ್ಲ, ಹಾಗಾಗಿ ಸಿಗದಿದ್ದ ಮಾತ್ರಕ್ಕೆ ಸುಳ್ಳು ಎಂದುಕೊಳ್ಳಬಾರದು.

ಕೊಡುಗೆಗಳು ಬರತೊಡಗಿದಾಗ

ಸರಳ ಪಾಲಿನ ಕೊಡುಗೆಗೆ ಮೇಲಿನ ಲೆಕ್ಕ ಸಾಕು. ತೊಡಕು ಹುಟ್ಟುವುದು ರಾಯಲ್ಟಿಯಿಂದ, ಅಂದರೆ ಮಾರಾಟವಾದಂತೆಲ್ಲ ಹೂಡಿಕೆದಾರರಿಗೆ ಕೊಡಬೇಕಾದ ಹಣದಿಂದ. ‘ಪ್ರತಿ ವಸ್ತುವಿಗೆ 5 ಕೊಡಿ ಸಾಕು’ ಎಂಬುದು ಕಿವಿಗೆ ಹಗುರ. ನಮ್ಮ 100ರ ವಸ್ತುವಿಗೆ ಹಾಕಿ ನೋಡಿ: ಉಳಿದ ಲಾಭವೇ 8, ಅದರಲ್ಲಿ 5 ಹೋದರೆ 3. ರಾಯಲ್ಟಿ ಮಾರಾಟದ ಮೇಲೆ ಕೂರುತ್ತದೆ, ಲಾಭದ ಮೇಲಲ್ಲ. ನಷ್ಟದ ವರ್ಷದಲ್ಲೂ ಕೊಡಬೇಕು. ಹಾಕಿದ ಹಣ ವಾಪಸಾದ ಮೇಲೆ ನಿಲ್ಲುತ್ತದೆಯೋ, ಕೊನೆತನಕವೋ ಎಂಬ ಒಂದು ಪದದ ಮೇಲೆ ಇಡೀ ಒಪ್ಪಂದ ನಿಂತಿರುತ್ತದೆ. ಆ ಪದಕ್ಕಾಗಿ ಹಿಂದೆ ಸರಿಸಿ ಮತ್ತೆ ಕೇಳಿ.

2013ರಲ್ಲಿ ಶಾರ್ಕ್ ಟ್ಯಾಂಕ್‌ಗೆ ಜೇಮಿ ಸಿಮಿನಾಫ್ ‘ಡೋರ್‌ಬಾಟ್’ ಎಂಬ ಕ್ಯಾಮೆರಾ ಇರುವ ಬಾಗಿಲ ಗಂಟೆ ತಂದು 10 ಶೇಕಡಾಕ್ಕೆ 7,00,000 ಡಾಲರ್ ಕೇಳಿದರು, ಅಂದರೆ ಕಂಪನಿಗೆ 70 ಲಕ್ಷ. ಶಾರ್ಕ್‌ಗಳಲ್ಲಿ ಒಬ್ಬರಾದ ಕೆವಿನ್ ಓಲೀರಿ ಕೊಟ್ಟ ಕೊಡುಗೆ: 7,00,000 ಸಾಲ, ಅದು ತೀರುವವರೆಗೆ ಮಾರಾಟದ 10 ಶೇಕಡಾ, ತೀರಿದ ಮೇಲೆ 7 ಶೇಕಡಾ ರಾಯಲ್ಟಿ, ಮೇಲೆ 5 ಶೇಕಡಾ ಪಾಲು. ಲೆಕ್ಕ ಹಾಕಿ: ಸಾಲ ತೀರಲು 70 ಲಕ್ಷ ಡಾಲರ್‌ನ ಮಾರಾಟ ಆಗಬೇಕು, ಅಲ್ಲಿಯವರೆಗೆ ಪ್ರತಿ ಮಾರಾಟದಲ್ಲೂ ಹತ್ತರಲ್ಲೊಂದು ಹೊರಗೆ. ಬೆಳೆಯಲು ಹಣ ಬೇಕಾದ ಕಾಲದಲ್ಲೇ ಹಣ ಸೋರಿಹೋಗುವ ಏರ್ಪಾಡು. ಅವರು ಒಪ್ಪಲಿಲ್ಲ.

2018ರಲ್ಲಿ ಆ ಕಂಪನಿಯನ್ನು ಅಮೆಜಾನ್ ಕೊಂಡಿತು, 100 ಕೋಟಿ ಡಾಲರ್‌ಗೂ ಮಿಕ್ಕಿದ ಬೆಲೆಗೆ ಎಂದು ವರದಿಯಾಯಿತು. ‘ಶಾರ್ಕ್‌ಗಳು ಎಂಥ ಪೆದ್ದರು’ ಎಂಬ ಅಭಿಪ್ರಾಯ ಅಂದಿನಿಂದ ಚಾಲ್ತಿಯಲ್ಲಿದೆ. ಇದನ್ನು ಒಪ್ಪುವ ಮೊದಲು ಎರಡು ಸಂಗತಿ. ಆ ದಿನ ಕೋಣೆಗೆ ಬಂದದ್ದು ಡೋರ್‌ಬಾಟ್. ಅಮೆಜಾನ್ ಕೊಂಡದ್ದು ‘ರಿಂಗ್’, ಹೊಸ ಹೆಸರು, ಹೊಸ ಯಂತ್ರ, ನಡುವೆ ಬೇರೆಯವರ ಭಾರೀ ಬಂಡವಾಳ. ಎರಡನೆಯದು, ಅಂದು ಕೊಂಡ 10 ಶೇಕಡಾ ಕೊನೆಯವರೆಗೆ 10 ಆಗಿಯೇ ಉಳಿಯುತ್ತಿರಲಿಲ್ಲ. ಹೊಸ ಹೂಡಿಕೆದಾರರು ಬಂದಾಗಲೆಲ್ಲ ಹೊಸ ಷೇರು ಹುಟ್ಟುತ್ತದೆ, ಹಳೆಯ ಪಾಲು ಕರಗುತ್ತದೆ. ಪ್ರತಿ ಸುತ್ತಿನಲ್ಲಿ 20 ಶೇಕಡಾ ಹೊಸಬರಿಗೆ ಹೋಯಿತೆಂದರೆ 10 ಇದ್ದದ್ದು 8, ಆಮೇಲೆ 6.4, ಮೂರನೇ ಸುತ್ತಿಗೆ 5.12. ಆಗಲೂ ದೊಡ್ಡ ಗಂಟೇ, ಅನುಮಾನವಿಲ್ಲ. ಆದರೆ ಅಂದು ಬೇಡ ಎಂದವರ ಕೈಯಲ್ಲಿದ್ದದ್ದು 2013ರ ಅಂಕಿಗಳು. ತೀರ್ಪನ್ನು ತೂಗಬೇಕಾದದ್ದು ಅವುಗಳ ಎದುರು.

ಕತ್ತರಿಯ ಕೆಲಸ

ಒಂದು ಪಿಚ್ ಚಿತ್ರೀಕರಣ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ನಡೆಯುತ್ತದೆ. ನಿಮಗೆ ಕಾಣುವುದು ಸುಮಾರು ಹತ್ತು ನಿಮಿಷ. ‘ಉತ್ತರವೇ ಗೊತ್ತಿರಲಿಲ್ಲ’, ‘ಸೊಕ್ಕಿನ ಮನುಷ್ಯ’ ಎಂಬ ತೀರ್ಪುಗಳಲ್ಲಿ ಅರ್ಧ ಪಾಲು ಎಡಿಟರ್‌ದು. ಒಂದು ಪರೀಕ್ಷೆ: ಮಾತಾಡುವವರ ತುಟಿ ಕಾಣುತ್ತಿದೆಯೆ? ಧ್ವನಿ ಕೇಳುತ್ತಿದ್ದು ಪರದೆಯ ಮೇಲೆ ಇನ್ನೊಬ್ಬರ ಮುಖವೋ ಮಾತಾಡುವವರ ಬೆನ್ನೋ ಇದ್ದರೆ, ಆ ವಾಕ್ಯ ಎರಡು ಕಡೆಯಿಂದ ಕತ್ತರಿಸಿ ಜೋಡಿಸಿದ್ದಿರಬಹುದು. ಹುಬ್ಬೇರಿಸಿದ ಮುಖ ಬೇರೊಂದು ಪ್ರಶ್ನೆಗೆ ಏರಿದ್ದಿರಬಹುದು. ಅಂಕಿಗಳನ್ನು ನಂಬಿ, ಮುಖಭಾವಗಳಿಗೆ ಅಂಕ ಕೊಡಬೇಡಿ.

ಬಂದವರೆಲ್ಲ ಹಣಕ್ಕೇ ಬಂದಿರುತ್ತಾರೆ ಎಂದೂ ಅಲ್ಲ. ಪ್ರಸಾರವೇ ಬಹು ದೊಡ್ಡ ಜಾಹೀರಾತು. ಶಾರ್ಕ್ ಟ್ಯಾಂಕ್‌ನ ಆರಂಭದ ವರ್ಷಗಳಲ್ಲಿ ಭಾಗವಹಿಸಿದವರೆಲ್ಲ, ಒಪ್ಪಂದ ಆಗಲಿ ಬಿಡಲಿ, 5 ಶೇಕಡಾ ಪಾಲು ಇಲ್ಲವೇ 2 ಶೇಕಡಾ ರಾಯಲ್ಟಿಯನ್ನು ನಿರ್ಮಾಪಕರಿಗೆ ಬಿಡಬೇಕೆಂಬ ಷರತ್ತಿತ್ತು. ಶಾರ್ಕ್‌ಗಳಲ್ಲಿ ಒಬ್ಬರಾದ ಮಾರ್ಕ್ ಕ್ಯೂಬನ್ ಪಟ್ಟು ಹಿಡಿದದ್ದರಿಂದ 2013ರಲ್ಲಿ ಅದು ಹೋಯಿತು. ಹಳೆಯ ಕಂತುಗಳನ್ನು ನೋಡುವಾಗ ಆ 5ನ್ನೂ ಲೆಕ್ಕದಲ್ಲಿಡಿ.

ಕೊನೆಯಲ್ಲಿ ಬರೆಯಬೇಕಾದದ್ದು

ಎರಡು ಸಾಲು, ಎರಡು ಬೇರೆ ತೀರ್ಪು. ಒಂದು: ‘ಇಷ್ಟು ಬೆಲೆಗಾದರೆ ಕೊಳ್ಳುತ್ತೇನೆ / ಕೊಳ್ಳುವುದಿಲ್ಲ, ಏಕೆಂದರೆ…’ ಇನ್ನೊಂದು: ‘ಕಂಪನಿಗೆ ಇಷ್ಟು ಬೆಲೆ ಕಟ್ಟಿದರೆ ಹಣ ಹಾಕುತ್ತೇನೆ / ಹಾಕುವುದಿಲ್ಲ, ಏಕೆಂದರೆ…’ ಎರಡರಲ್ಲೂ ‘ಏಕೆಂದರೆ’ ಆದಮೇಲೆ ಒಂದಾದರೂ ಅಂಕಿ ಬರಬೇಕು. ಬರದಿದ್ದರೆ ಆ ತೀರ್ಪು ಪಿಚ್ ಮಾಡಿದವರ ಅಂಗಿ, ಉಚ್ಚಾರ, ಕಣ್ಣೀರಿನ ಮೇಲೆ ಬಿದ್ದಿರುವ ಸಾಧ್ಯತೆ ಹೆಚ್ಚು.

ಒಪ್ಪಂದವಾದರೆ ‘ಹಣ ಸಿಕ್ಕಿತು’ ಎಂದು ಬರೆಯಬೇಡಿ, ‘ಕೈಕುಲುಕಿದರು’ ಎಂದು ಬರೆಯಿರಿ. ಆಮೇಲೆ ಲೆಕ್ಕಪತ್ರ, ಸಾಲ, ಪೇಟೆಂಟ್, ಷೇರು ಯಾರ ಹೆಸರಿನಲ್ಲಿದೆ ಎಂಬುದರ ತಪಾಸಣೆ ನಡೆಯುತ್ತದೆ. ಅಲ್ಲಿ ಮುರಿದುಬೀಳುವ, ಬದಲಾಗುವ ಒಪ್ಪಂದಗಳು ಕಡಿಮೆಯಲ್ಲ. ಬ್ರಿಟನ್ನಿನ ಕಂಪನಿಯಾದರೆ ಇದನ್ನು ನೀವೇ ನೋಡಬಹುದು. ಪ್ರಸಾರವಾಗಿ ಒಂದು ವರ್ಷ ಕಳೆದ ಮೇಲೆ ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಕಂಪನಿಯ ಹೆಸರು ಹುಡುಕಿ, ಸಲ್ಲಿಕೆಗಳ ಪಟ್ಟಿ ತೆರೆಯಿರಿ, ಶುಲ್ಕವಿಲ್ಲ. ಹೊಸ ಷೇರು ಹಂಚಿದ ಕಾಗದವೋ ಷೇರುದಾರರ ಬದಲಾದ ಪಟ್ಟಿಯೋ ಇದ್ದರೆ ಹಣ ಬಂದಿರುವ ಸೂಚನೆ. ಹೂಡಿಕೆದಾರರ ಸ್ವಂತ ಹೆಸರು ಕಾಣದಿದ್ದರೆ ಅವರ ಕಂಪನಿಯ ಹೆಸರಿನಲ್ಲೂ ಹುಡುಕಿ. ಚಿಕ್ಕ ಕಂಪನಿಗಳು ಎಷ್ಟೋ ಸಲ ಲಾಭ–ನಷ್ಟದ ಪಟ್ಟಿ ಹಾಕಿರುವುದಿಲ್ಲ, ಆಸ್ತಿ–ಹೊಣೆಯ ಪಟ್ಟಿ ಮಾತ್ರ ಇರುತ್ತದೆ. ಅದರಲ್ಲಿ ದಾಸ್ತಾನಿನ ಸಾಲನ್ನು ಹಿಂದಿನ ವರ್ಷದ ಜೊತೆ ಹೋಲಿಸಿ: ದಾಸ್ತಾನು ಉಬ್ಬಿ, ಬ್ಯಾಂಕಿನಲ್ಲಿರುವ ಹಣ ಕುಗ್ಗಿದ್ದರೆ ಟಿವಿ ನೋಡಿ ಬರಬೇಕಾಗಿದ್ದ ಗಿರಾಕಿಗಳು ಇನ್ನೂ ಬಂದಿಲ್ಲದಿರಬಹುದು.